ಎತ್ತಿದರೆ ಫೌಲು

ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ಚೆಂಡನ್ನು ತಲೆಯಿಂದ ಹೊಡೆಯಲು ಒಬ್ಬರಿಗೂ ಬರುತ್ತಿರಲಿಲ್ಲ. ಹೇಳಿದರೆ ಜನ ನಗುತ್ತಾರೆ. ನಗಲಿ. ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯನ್ನು ಕಂಡವರು ನಗುವುದಿಲ್ಲ.

ಬೀದಿಯ ಒಂದು ಮಗ್ಗುಲಲ್ಲಿ ಯಾವಾಗಲೂ ಯಾರದಾದರೂ ಮನೆಯ ಹಾಸು ಇರುತ್ತಿತ್ತು. ಸೀರೆಯ ಉದ್ದದ ಎಳೆಗಳನ್ನು ಮಗ್ಗಕ್ಕೆ ಏರಿಸುವ ಮುಂಚೆ ಬೀದಿಯುದ್ದಕ್ಕೂ ಎಳೆದು, ಸೊಂಟದೆತ್ತರದ ಗೂಟಗಳಿಗೆ ಕಟ್ಟಿ ಸರಿ ಮಾಡುತ್ತಿದ್ದರು. ಇನ್ನೊಂದು ಮಗ್ಗುಲು, ಕ್ಲಬ್ಬು ಕಟ್ಟಿದ ನಮ್ಮಣ್ಣನ ಮೈದಾನ. ಚೆಂಡು ನೆಲದ ಮೇಲೆ ಉರುಳಿದರೆ ಹಾಸಿನ ಕೆಳಗೆ ನುಸುಳಿ ಆಚೆ ಹೋಗುತ್ತದೆ, ಯಾರಿಗೂ ನಷ್ಟವಿಲ್ಲ. ಮೇಲೆ ಹಾರಿತೋ, ರೇಷ್ಮೆ ಎಳೆ ಪಟಪಟ ಕಿತ್ತುಬರುತ್ತದೆ. ಆದ್ದರಿಂದ ಚೆಂಡು ಮೊಣಕಾಲಿಗಿಂತ ಮೇಲೆದ್ದರೆ ಫೌಲು. ಎದ್ದ ಕೂಡಲೇ ಆಡುವವರು, ಜಗುಲಿಯ ಮೇಲಿನ ಮುದುಕಿಯರು, ಒಳಗೆ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತ ಅಪ್ಪ, ಎಲ್ಲರೂ ಹಾಸು ಜೋಪಾನ ಅಂತ ಒಟ್ಟಿಗೆ ಕೂಗುತ್ತಿದ್ದರು: "ಆಸೂ!"

ಎಳೆ ಕಿತ್ತವನು ಆಟ ಬಿಟ್ಟು ನಮ್ಮವ್ವನ ಪಕ್ಕ ಕೂತು, ಕಿತ್ತಿದ್ದನ್ನೆಲ್ಲ ಗಂಟು ಹಾಕಿ ಕೂಡಿಸಿದ ಮೇಲೆಯೇ ಏಳಬೇಕು. ಶಾಗ್ಯದಿಂದ ಬಸ್ಸಿನಲ್ಲಿ ಬರುತ್ತಿದ್ದ ರೈತನೊಬ್ಬನಿದ್ದ. ಎಡಗಾಲು ಅಂದರೆ ಎಡಗಾಲು. ಆದರೆ ಎತ್ತುವ ಚಾಳಿ.

"ನಾನ್ ಬಾಲ್ ಆಡಕ್ ಬಂದ್ನಾ, ನೂಲ್ ಕಟ್ಟಕ್ ಬಂದ್ನಾ, ಏಳವ್ವಾ?" ಅಂತ ಗೊಣಗುತ್ತಿದ್ದ.

"ಎತ್ಬ್ಯಾಡ ಅಂದ್ರೂ ಎತ್ತಿದ್ಯಲ್ಲ, ಈಗ ಕಟ್ಟು," ಅನ್ನುತ್ತಿದ್ದಳು ಅವ್ವ.

ಹೀಗೆ ನೆಲ ಕಚ್ಚಿ ಆಡುವ ಒಂದು ಆಟ ನಮ್ಮ ಬೀದಿಯಲ್ಲಿ ಬೆಳೆಯಿತು. ಎದುರಾಳಿಗಳ ಎತ್ತರದ ಚೆಂಡು ನೋಡಿಕೊಳ್ಳಲು ಅಗರದಿಂದ ಬರುತ್ತಿದ್ದ ಗೋಲ್‌ಕೀಪರ್ ಇದ್ದ, ತೆಂಗಿನಮರದಂಥ ಆಳು. ಉಳಿದವರೆಲ್ಲ ಕುಳ್ಳರು. ಅಂಗಿಗಳ ಬೆನ್ನಿಗೆ ನಂಬರು ಹೊಲಿದವಳು ನಾನು, ಮಗ್ಗದ ಕೊನೆಯಲ್ಲಿ ಉಳಿಯುವ ಜರಿ ಅಂಚಿನ ಚೂರುಗಳಲ್ಲಿ. ಬಿಸಿಲು ಬಿದ್ದರೆ ಕಣ್ಣು ಕುಕ್ಕುತ್ತಿತ್ತು. ಮೈಸೂರಿನ ತಂಡಗಳು ಚೆಂಡು ಎಲ್ಲಿ ಅಂತ ಆಕಾಶ ನೋಡುವಷ್ಟರಲ್ಲಿ ನಮ್ಮವರು ಅವರ ಕಾಲಸಂದಿಯಲ್ಲೇ ದಾಟಿಸಿ ಗೋಲು ಹೊಡೆದಿರುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತೀರಿ. ಅನ್ನಿ. ಗೆದ್ದ ಕಪ್ಪುಗಳು ನಮ್ಮ ಮನೆಯ ಅಟ್ಟದ ಮೇಲೆ ಈಗಲೂ ಇವೆ.

ಆ ಕಪ್ಪುಗಳ ಸುದ್ದಿ ಕೇಳಿಯೇ ಆ ಮನುಷ್ಯ ಬಂದದ್ದು. ಹನೂರು ಕಡೆಯ ಮೂಲ, ಬೆಂಗಳೂರಿನಲ್ಲಿ ಕಟ್ಟಡ ಕಟ್ಟಿಸುವ ಕೆಲಸ. ಕ್ಲಬ್ಬನ್ನು ಬೆಂಗಳೂರಿನ ಲೀಗಿಗೆ ಸೇರಿಸುತ್ತೇನೆ, ಆಡುವವರಿಗೆಲ್ಲ ತಿಂಗಳ ಸಂಬಳ, ಬೂಟು, ವ್ಯಾನು ಅಂದ. ನಮ್ಮ ಜಗುಲಿಯ ಮೇಲೆ ಕೂತು ಅವ್ವನ ಕೈಯ ಕಾಫಿ ಕುಡಿಯುತ್ತಾ ಎಲ್ಲರ ಮೂಗಿಗೂ ತುಪ್ಪ ಸವರಿದ.

"ನೋಡಿ, ಕ್ಲಬ್ ಪೂರ್ತಿ ನನ್ನ ಹೆಸರಿಗೆ ಬರಬೇಕು. ಇಲ್ಲದಿದ್ರೆ ನಾನು ಬಂಡವಾಳ ಹಾಕೋದು ಹೇಗೆ?" ಅಂದ.

ನಮ್ಮಣ್ಣ ಒಂದು ಗಳಿಗೆಯೂ ಯೋಚಿಸಲಿಲ್ಲ. "ಆಗ್ಲಿ ಸಾ. ನಮ್ದು ಒಂದೇ ಮಾತು. ಕ್ಲಬ್ಬು ನಮ್ಮೂರ್ಗೆ ಆಡಕ್ ಬಂದಾಗ, ಇದು ಉಟ್ಟಿದ್ದು ಈ ಬೀದೀಲಿ, ಕಟ್ಟಿದ್ದು ಈ ಜನ ಅಂತ ಮೈಕಲ್ಲಿ ಒಂದ್ ಸಲ ಏಳ್ಬುಡಿ."

"ಅಷ್ಟೇನಾ? ಅದಕ್ಕೇನಂತೆ!" ಅಂದ ಆತ. ಲೋಟ ಕೆಳಗಿಟ್ಟು ನಕ್ಕ.

ಅವನ ಕಾರು ಬೀದಿ ತಿರುಗುವುದರೊಳಗೆ ನಾನು ಅಣ್ಣನ ಮೇಲೆ ಬಿದ್ದೆ. "ಎಸ್ರನ್ನೇ ಕೊಟ್ಬುಟ್ಟ್ಯಲ್ಲಣ್ಣ! ಇನ್ನೇನ್ ಉಳೀತು ನಮ್ಗೆ?"

"ಅಪ್ಪ ನೇಯ್ದ ಸೀರೆ ಮ್ಯಾಲೆ ಅಪ್ಪನ ಎಸ್ರು ಯಾವತ್ತಾರಾ ಇತ್ತೇನವ್ವಾ? ನೇಯ್ದು ಕೊಡದು ನಮ್ ಕೆಲ್ಸ. ಡಬ್ಬದ ಮ್ಯಾಲೆ ಅಂಗ್ಡಿ ಎಸ್ರೇ ಇರದು."

ನೇಕಾರರು ಮಾತ್ರ ಮಾಡಬಲ್ಲ ತಪ್ಪು ಅದು. ಹೊಲದವನು ಬದುವಿನ ಒಂದು ಗೇಣಿಗೆ ಕೋರ್ಟಿಗೆ ಹೋಗುತ್ತಾನೆ. ನಾವು ತಲೆತಲಾಂತರದಿಂದ ಕಣ್ಣು ಕೀಲಿಸಿ ನೇಯ್ದದ್ದನ್ನು ಮಡಚಿ ಸಾಹುಕಾರರ ಕೈಗಿಟ್ಟು, ಮದುವೆಮನೆಯಲ್ಲಿ ಅದೇ ಸೀರೆ ಕಂಡರೆ "ಎಷ್ಟು ಚೆನ್ನಾಗದೆ" ಅಂತ ಹೊಗಳಿ ಬರುವ ಜನ.

ಲೀಗಿನ ಮೊದಲ ಆಟಗಳಲ್ಲೇ ನಮ್ಮವರ ಬಂಡವಾಳ ಬಯಲಾಯಿತು. ಮೂಲೆಯಿಂದ ಚೆಂಡು ಎತ್ತರದಲ್ಲಿ ಬಂದಾಗ ನಮ್ಮವರು ತಲೆ ಕೊಡುವುದಿರಲಿ, ತಲೆ ತಗ್ಗಿಸುತ್ತಿದ್ದರು! ಹುಟ್ಟಿದಾಗಿನಿಂದ ಮೇಲೆದ್ದ ಚೆಂಡು ಅಂದರೆ ತಪ್ಪು ಎಂದೇ ಕಲಿತವರು. ಮಾಲೀಕ ಹೊರಗಿನಿಂದ ಕೋಚ್ ತರಿಸಿದ. ಆ ಕೋಚು ಎತ್ತರದ ಆಟಗಾರರನ್ನು ತರಿಸಿದ. ಶಾಗ್ಯದವನು ಮೊದಲು ಬೆಂಚಿಗೆ, ಆಮೇಲೆ ಊರಿಗೆ, ರಾಗಿ ಹೊಲಕ್ಕೆ. ಅಗರದ ಗೋಲ್‌ಕೀಪರನ ಬೆರಳು ಮುರಿಯಿತು, ಕೂಡಿಕೊಂಡ ಮೇಲೂ ಯಾರೂ ಕರೆಯಲಿಲ್ಲ. ನಮ್ಮಣ್ಣನನ್ನು ಸ್ವಲ್ಪ ದಿನ ನೀರಿನ ಬಾಟಲಿ, ಬ್ಯಾಗು ನೋಡಿಕೊಳ್ಳಲು ಇಟ್ಟುಕೊಂಡಿದ್ದರು. ಅವನೇ ನಾಚಿಕೊಂಡು ಮಗ್ಗಕ್ಕೆ ವಾಪಸ್ಸು ಬಂದ. ಅಂಗಿಯ ಬಣ್ಣ ಬದಲಾಯಿತು, ಕ್ಲಬ್ಬಿನ ಹೆಸರಿಗೆ ಕಟ್ಟಡ ಕಂಪನಿಯ ಹೆಸರು ಅಂಟಿತು.

ಆದರೂ ಅಣ್ಣ ಕಾಯುತ್ತಲೇ ಇದ್ದ. ಮಗ್ಗದ ಪಕ್ಕ ಮೊಬೈಲು ಒರಗಿಸಿಕೊಂಡು ಅವರ ಆಟ ನೋಡುತ್ತಿದ್ದ. "ಒಂದಿನ ನಮ್ಮೂರ್ಗೆ ಬತ್ತಾರೆ ಕಣವ್ವ. ಮೈಕಲ್ಲಿ ಏಳ್ತಾರೆ. ಅಪ್ಪ ಇರೋ ಗಂಟ ಬಂದ್ರೆ ಸಾಕು," ಅನ್ನುತ್ತಿದ್ದ. ಅಪ್ಪ ಇರುವವರೆಗೆ ಅವರು ಬರಲಿಲ್ಲ.

ಹೋದ ವರ್ಷ ಬಂದರು. ಕಾಲೇಜು ಮೈದಾನದಲ್ಲಿ ಪ್ರದರ್ಶನ ಪಂದ್ಯ, ಶಾಮಿಯಾನ, ವೇದಿಕೆ. ಅಣ್ಣನಿಗೆ ಸನ್ಮಾನ ಅಂತ ಫೋನ್ ಬಂತು. ಅವನು ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು, ಇಡೀ ಬೀದಿಗೆ ಹೇಳಿ ಹೊರಟ. ಮಗ್ಗಗಳೆಲ್ಲ ಅವತ್ತು ನಿಂತವು. ಶಾಗ್ಯದವನೂ ಅಗರದವನೂ ಬಂದಿದ್ದರು. ನಾನು ವೇದಿಕೆಯ ಮೆಟ್ಟಿಲಿಗೆ ಅಂಟಿಕೊಂಡೇ ನಿಂತೆ, ಒಂದು ಮಾತೂ ತಪ್ಪಿಹೋಗಬಾರದೆಂದು.

ನಿರೂಪಕ ಶುರು ಮಾಡಿದ. ಫುಟ್‌ಬಾಲಿನ ಗಂಧಗಾಳಿಯೂ ಇಲ್ಲದ ಈ ಭಾಗದಲ್ಲಿ ಮಾಲೀಕರು ಏಕಾಂಗಿಯಾಗಿ ಕ್ಲಬ್ ಕಟ್ಟಿ ಬೆಳೆಸಿದ ಸಾಹಸವನ್ನು ಬಣ್ಣಿಸಿದ. ಜನ ಚಪ್ಪಾಳೆ ತಟ್ಟಿದರು. ನಮ್ಮ ಬೀದಿಯವರೂ ತಟ್ಟಿದರು, ಮುಂದೆ ನಮ್ಮ ಹೆಸರು ಬರುತ್ತದೆಂದು. ಆಮೇಲೆ ಅಣ್ಣನನ್ನು ಕರೆದ: "ನಮ್ಮ ಕ್ಲಬ್ಬಿನ ಹಿರಿಯ ಅಭಿಮಾನಿಗಳು!"

ಅಭಿಮಾನಿ! ಪೇಟ ಇಟ್ಟರು, ಹಾರ ಹಾಕಿದರು, ಶಾಲು ಹೊದಿಸಿದರು. ಕೊಳ್ಳೇಗಾಲದ ನೇಕಾರನಿಗೆ ಸೂರತ್ತಿನ ನೈಲಾನ್ ಶಾಲು. ಅಣ್ಣ ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಬಿಟ್ಟ. ಮಾಲೀಕನ ಪಕ್ಕದ ಕುರ್ಚಿಯಲ್ಲಿ ಅವನನ್ನು ಕೂರಿಸಿದರು.

ಆಟ ಶುರುವಾಯಿತು. ಗೋಲ್‌ಕೀಪರ್ ಒದ್ದ ಚೆಂಡು ಶಾಮಿಯಾನದ ಮೇಲೆ ಹಾರಿತು.

"ಆಸೂ!"

ನಮ್ಮಣ್ಣ ಪೇಟ ಸಮೇತ ಎದ್ದು ನಿಂತಿದ್ದ. ಜನರ ನಡುವಿನಿಂದ ಇನ್ನೆರಡು ಗಂಟಲು ಅದನ್ನೇ ಕೂಗಿದವು, ಶಾಗ್ಯದವನದು ಮತ್ತು ಅಗರದವನದು. ನಮ್ಮ ಬೀದಿಯ ಹೆಂಗಸರೂ ಕೂಗಿದರು. ಸುತ್ತಲಿನವರು ತಿರುಗಿ ನೋಡಿ ನಕ್ಕರು.

ಮಾಲೀಕ ಅಣ್ಣನ ಕಡೆ ಬಗ್ಗಿ ಕೇಳಿದ, "ಏನಂದ್ರಿ? ಏನದು?"

ಮೈಕು ಅಣ್ಣನ ಮುಂದೆಯೇ ಇತ್ತು, ಕೈ ಚಾಚಿದರೆ ಸಿಗುವಂತೆ. ಕೇಳುವುದಕ್ಕೆ ಊರಿಗೂರೇ ಕೂತಿತ್ತು. ಹೇಳು ಅಣ್ಣ, ಈಗಲಾದರೂ ಹೇಳು ಅಂತ ನಾನು ಮೆಟ್ಟಿಲ ಮೇಲೆ ಹಲ್ಲು ಕಚ್ಚಿ ನಿಂತಿದ್ದೆ.

"ಏನಿಲ್ಲ ಸಾ," ಅಂದ ನಮ್ಮಣ್ಣ. ಶಾಲು ಸರಿಮಾಡಿಕೊಂಡು ಕೂತ.