ಕಾಯಿ ಹಾಕದ ಮೀನು

ಶುಕ್ರವಾರ ಬಂತೆಂದರೆ ಕಾಕನ ಬೆರಳ ತುದಿಗಳು ಹಸಿರಾಗುತ್ತಿದ್ದವು. ಕೊತ್ತಂಬರಿ ಸೊಪ್ಪು, ಬೆಳ್ಳುಳ್ಳಿ, ಜೀರಿಗೆಯನ್ನು ಜಜ್ಜಿ, ಮೆಣಸಿನ ಪುಡಿ, ಲಿಂಬೆರಸ ಬೆರೆಸಿ, ಅಂಜಲ್ ಮೀನಿನ ತುಂಡುಗಳಿಗೆ ತಿಕ್ಕುತ್ತಿದ್ದರು.

ಬಂಟ್ವಾಳ ಪೇಟೆಯಲ್ಲಿ ನನ್ನ ಪಾತ್ರೆ ಅಂಗಡಿಯ ಹಿಂದಿನ ಮನೆ ಈ ಬ್ಯಾರಿ ಕಾಕನದು. ಗಲ್ಫಿನ ಒಂದು ದೊಡ್ಡ ಮನೆಯಲ್ಲಿ ಮೊರೊಕ್ಕೊದ ಅಡುಗೆಯವನ ಕೈಕೆಳಗೆ ದುಡಿದು, ತೊಂಬತ್ತರ ದಶಕದ ಕೊನೆಗೆ ಊರಿಗೆ ಬಂದಿದ್ದರು. ಅಷ್ಟರಲ್ಲಿ ಹೆಂಡತಿ ತೀರಿಕೊಂಡಿದ್ದರು. ತೊಟ್ಟಿಲಲ್ಲಿ ಬಿಟ್ಟುಹೋದ ಮಗಳು ಮದುವೆಯಾಗಿ ಕಕ್ಕಿಂಜೆಯ ಗಂಡನ ಮನೆ ಸೇರಿದ್ದಳು.

ಮೊದಲ ಸಲ ಅಂಗಡಿಗೆ ಬಂದು, "ಶೆಟ್ರೇ, ಗೋಪುರದ ಹಾಗಿನ ಮುಚ್ಚಳ ಇರುವ ಮಣ್ಣಿನ ಪಾತ್ರೆ ಉಂಟಾ?" ಎಂದಿದ್ದರು.

ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವವನು ವ್ಯಾಪಾರಿಯೇ ಅಲ್ಲ. ಎರಡು ಮಣ್ಣಿನ ಬಿಸಲೆ ತೆಗೆದು, ಒಂದರ ಮೇಲೆ ಇನ್ನೊಂದನ್ನು ಕವುಚಿ ತೋರಿಸಿದೆ.

"ಒಂದು ಕೇಳಿದವನಿಗೆ ಎರಡು ಮಾರ್ತೀರಲ್ಲ ಮಾರಾಯ್ರೇ!" ಎಂದು ನಗುತ್ತಲೇ ಕೊಂಡರು. ಆಮೇಲೆ ಪ್ರತಿ ಶುಕ್ರವಾರ, ಆ ಮೊರೊಕ್ಕೊದವನಿಂದ ಕಲಿತ ಮೀನಿನ ಊಟಕ್ಕೆ ನನ್ನನ್ನೇ ಕರೆಯುತ್ತಿದ್ದರು. ಕರೆಯಲು ಅವರಿಗೆ ಬೇರೆ ಯಾರೂ ಇರಲಿಲ್ಲ.

ಮಾಡುವವರಿಗೆ ಒಂದು ಮಾತು: ಅಡಿಯಲ್ಲಿ ಬಟಾಟೆ, ಟೊಮೆಟೊ ಬಿಲ್ಲೆ ಹಾಸಿ, ಮೀನಿನ ಮೇಲೆ ಉಪ್ಪಿನಲ್ಲಿಟ್ಟ ಲಿಂಬೆಯ ಸಿಪ್ಪೆ ಹಾಕಿ, ಸಣ್ಣ ಬೆಂಕಿಯಲ್ಲಿ ಬೇಯಿಸಿದರೆ ಸಾಕು. ನೀರು ಬೇಡ. ಕಾಯಿಯಂತೂ ಬೇಡವೇ ಬೇಡ.

"ನಾನು ಅಲ್ಲಿ ಹೇಗೆ ಬದುಕಿದೆ ಅಂತ ಮಗಳಿಗೆ ಗೊತ್ತಿಲ್ಲ ಶೆಟ್ರೇ," ಎಂದಿದ್ದರು ಒಮ್ಮೆ. "ಕೂತು ಹೇಳಲಿಕ್ಕೆ ನನಗೆ ಬರುವುದಿಲ್ಲ. ಇದನ್ನು ಒಮ್ಮೆ ತಿನ್ನಿಸಬೇಕು."

ಗಲ್ಫಿನಲ್ಲಿ ಮಾಡುತ್ತಿದ್ದ ಮೀನು ತಿನ್ನಿಸುತ್ತೇನೆಂದು ಕಾಕ ಹಲವು ಸಲ ಕರೆದ ಮೇಲೆ, ಕೊನೆಗೂ ಒಂದು ಶುಕ್ರವಾರ ಮಗಳು ಬರುತ್ತೇನೆಂದಳು. ಮೀನು ನಾನೇ ಚೌಕಾಸಿ ಮಾಡಿ ತಂದುಕೊಟ್ಟೆ. ಕಾಕ ಬಿಸಲೆಯನ್ನು ಒಲೆಯ ಮೇಲಿಟ್ಟು ನಮಾಜಿಗೆ ಹೋದರು. ಅಷ್ಟರಲ್ಲಿ ಬಂದ ಮಗಳು ಮುಚ್ಚಳ ಎತ್ತಿ ನೋಡಿದ್ದಾಳೆ. ಕಾಯಿಯೇ ಇಲ್ಲ! ಬಾಪನಿಗೆ ಮರೆತುಹೋಗಿದೆ ಎಂದುಕೊಂಡು ಕಾಯಿ, ಹುರಿದ ಮೆಣಸು ನುಣ್ಣಗೆ ಕಡೆದು ಸುರಿದು ಕುದಿಸಿಬಿಟ್ಟಳು. ನಾನು ಊಟಕ್ಕೆ ಹೋದಾಗ ಮನೆ ತುಂಬ ನಮ್ಮೂರ ಮೀನುಸಾರಿನ ಪರಿಮಳ.

ಹಿಂದೆಯೇ ಬಂದ ಕಾಕ ಮುಚ್ಚಳ ಎತ್ತಿ ಹಾಗೆಯೇ ನಿಂತರು.

"ಕಾಯಿ ಮರೆತಿದ್ರಿ ಬಾಪಾ. ನಾನು ಸರಿ ಮಾಡಿದೆ."

"ಮುದುಕನಾದೆ ಅಲ್ವಾ ಮಗಳೇ," ಎಂದು ನಕ್ಕು ನನ್ನ ಪಕ್ಕ ಊಟಕ್ಕೆ ಕೂತರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಮೊಣಕಾಲು ಒತ್ತಿದರು. ಎರಡು ಸಲ ಬಡಿಸಿಕೊಂಡು ಉಂಡರು.

ಅವಳು ಹೋದ ಮೇಲೆ ಹೇಳಿದೆ: "ಬರುವ ವಾರ ಇನ್ನೊಮ್ಮೆ ಮಾಡುವ ಕಾಕ. ವಿಷಯ ಹೇಳಿದರಾಯ್ತು."

"ಬೇಡ ಶೆಟ್ರೇ. ನನಗೆ ಅಂತ ಅವಳು ಮೊದಲ ಸಲ ಕೈಯಾರೆ ಮಾಡಿದ್ದು. ತಪ್ಪು ಅಂತ ಹೇಗೆ ಹೇಳುವುದು? ನೀವೂ ಹೇಳಬೇಡಿ."

ಆಮೇಲೆ ಅವಳು ಬಂದಾಗಲೆಲ್ಲ ಕಾಕನೇ ಕಾಯಿ ತುರಿದಿಡುತ್ತಿದ್ದರು.

ಕಾಕ ತೀರಿಕೊಂಡ ಮರುವರ್ಷ ವ್ಯಾಪಾರಕ್ಕೆಂದು ಚಾರ್ಮಾಡಿ ಕಡೆಗೆ ಹೋದವನು ಕಕ್ಕಿಂಜೆಯಲ್ಲಿ ಅವಳ ಮನೆ ಹೊಕ್ಕೆ. ಊಟ ಮಾಡದೆ ಬಿಡಲಿಲ್ಲ. ಕಾಯಿ ಕಡೆದು ಹಾಕಿ ಕೆಂಪಗೆ ಕುದಿಸಿದ ಮೀನು ಬಡಿಸಿ, ಮಕ್ಕಳನ್ನೂ ಕರೆದು ಕೂರಿಸಿದಳು.

"ಇದು ನಿಮ್ಮ ಅಜ್ಜ ಗಲ್ಫಿನಲ್ಲಿ ಮಾಡ್ತಿದ್ದ ಮೀನು," ಎಂದು ಅವರಿಗೆ ಹೇಳಿ ನನ್ನ ಕಡೆ ತಿರುಗಿದಳು. "ಅವರು ಮಾಡುವ ಹಾಗೇ ಉಂಟಾ ಅಣ್ಣಾ?"

"ಹಾಗೇ ಉಂಟು," ಎಂದು ಇನ್ನೊಂದು ತುಂಡು ಹಾಕಿಸಿಕೊಂಡೆ.