ಅಪ್ಪಯ್ಯನ ಕಂಪ್ಯೂಟರ್ ಪಾಲು

ಕುಂದಾಪುರದ ಕಂಪ್ಯೂಟರ್ ಅಂಗಡಿಗೆ ಅಪ್ಪಯ್ಯ ಮೊದಲ ಸಲ ಹೋದದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಏನನ್ನೂ ಕೊಳ್ಳಲು ಹೋದವರಲ್ಲ. ಕೌಂಟರಿನೆದುರು ಸೊಂಟಕ್ಕೆ ಕೈಯಿಟ್ಟು ನಿಂತು, "ಹ್ವಾಯ್, ನಮ್ ಕಂಪ್ಯೂಟರ್ ಈ ವಾರ ಎಷ್ಟ್ ಹೋಯ್ತ್?" ಎಂದು ಕೇಳಿದರು. ಅಂಗಡಿಯವರು ಕಕ್ಕಾಬಿಕ್ಕಿ. ಜೊತೆಗಿದ್ದ ನಾನೇ ಬಿಡಿಸಿ ಹೇಳಬೇಕಾಯಿತು: ನಮ್ಮ ದೇಶದಲ್ಲೇ ಕಂಪ್ಯೂಟರ್ ಜೋಡಿಸಿ ಮಾರುವ ಒಂದು ಕಂಪನಿಯ ಷೇರು ಅಪ್ಪಯ್ಯನ ಹೆಸರಿನಲ್ಲಿದೆ, ಅದಕ್ಕೇ ಈ ವಿಚಾರಣೆ ಎಂದು. ಅಂದಿನಿಂದ ಆ ಅಂಗಡಿಯಲ್ಲಿ ಅವರಿಗೆ 'ಯಜಮಾನ್ರು' ಎಂಬ ಹೆಸರಾಯಿತು. ಅದರಲ್ಲಿ ತಮಾಷೆ ಇದೆ ಎಂದು ಅವರಿಗೆ ಅನಿಸಲೇ ಇಲ್ಲ.

ಅನಿಸುವುದಾದರೂ ಹೇಗೆ? ಬೀಜಾಡಿಯ ಕಡಲಕರೆಯಲ್ಲಿ ಬೆಳೆದ ಅವರಿಗೆ ಗೊತ್ತಿದ್ದ ಪಾಲು ಒಂದೇ, ದೋಣಿಯ ಪಾಲು. ಪಾಲು ಇದ್ದವನು ದೋಣಿ ದಡಕ್ಕೆ ಬರುವಾಗ ಹಾಜರಿರಬೇಕು, ಬಲೆಗೆ ಕೈ ಹಚ್ಚಬೇಕು, ಮೀನು ಯಾವ ದರಕ್ಕೆ ಹೋಯಿತೆಂದು ಕೇಳಬೇಕು. ಮೊಣಕಾಲು ಕೆಟ್ಟಾಗ ಅವರು ಆ ಪಾಲನ್ನು ಮಾರಿ, ಬಂದ ಹಣವನ್ನೆಲ್ಲ ಷೇರಿಗೆ ಹಾಕಿದರು. ಕಂಪನಿಯನ್ನು ಆರಿಸಿದವರೂ ಅವರೇ. ನನ್ನ ಮಗಳ ಶಾಲೆಯಲ್ಲಿ ಆ ಕಂಪನಿಯ ಕಂಪ್ಯೂಟರ್ ಉಪ್ಪುಗಾಳಿಗೂ ಕೆಡದೆ ಬಾಳಿಕೆ ಬಂದಿತ್ತು. ಅವರಿಗೆ ಅಷ್ಟು ಸಾಕಾಯಿತು. ನಾನು ತೆಕ್ಕಟ್ಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು, ಷೇರಿನ ಗಂಧಗಾಳಿ ನನಗೂ ಇರಲಿಲ್ಲ. ಆದರೂ ನನ್ನ ಫೋನಿನಲ್ಲೇ ಅವರಿಗೊಂದು ಖಾತೆ ತೆರೆದುಕೊಟ್ಟೆ.

ಮೊಣಕಾಲು ಒಂದಿಷ್ಟು ಸುಧಾರಿಸಿದ್ದೇ ತಡ, ದೋಣಿಯ ಆಸೆ ಮತ್ತೆ ಹತ್ತಿತು. ಹಳೆಯ ಪಾಲುದಾರರು ಹೊಸ ದೋಣಿ ಮಾಡಿಸುತ್ತಿದ್ದರು. ಮಳೆಗಾಲದ ರಜೆ ಮುಗಿಸುವ ನೂಲ ಹುಣ್ಣಿಮೆಯ ದಿನ ಕಡಲಿಗೆ ಹಾಲೆರೆಯುವುದರೊಳಗೆ ಹೂಂ ಅಂದರೆ ಅಪ್ಪಯ್ಯನಿಗೂ ಒಂದು ಪಾಲು ಎಂದಿದ್ದರು. ಅವರ ಹತ್ತಿರ ಇದ್ದದ್ದು ಆ ಷೇರು ಮಾತ್ರ. ಅದೋ, ದಿನದಿಂದ ದಿನಕ್ಕೆ ಇಳಿಯುತ್ತಿತ್ತು, ಮಾರಿದರೂ ಪಾಲಿಗೆ ಸಾಲುವಂತಿರಲಿಲ್ಲ.

ಟಿವಿಯವರು ಎರಡು ಕಾರಣ ಹೇಳುತ್ತಿದ್ದರು. ಹೊರದೇಶದಿಂದ ಅಗ್ಗದ ಕಂಪ್ಯೂಟರ್ ಬಂದು ಸುರಿಯುತ್ತಿದೆ ಎಂಬುದು ಮೊದಲನೆಯದು. ಅದು ಅಪ್ಪಯ್ಯನಿಗೆ ಕೂಡಲೇ ಅರ್ಥವಾಯಿತು. ಹೊರಗಿನಿಂದ ಐಸು ಹಾಕಿದ ಬಂಗುಡೆ ಮೀನು ಲಾರಿಯಲ್ಲಿ ಬಂದಿಳಿದ ದಿನ ನಮ್ಮ ದೋಣಿಯ ಬಂಗುಡೆಗೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರಡನೆಯದು, ಮಾರುಕಟ್ಟೆಯೇ ಮಂದವಾಗಿದೆ, ಯಾರೂ ಕೊಳ್ಳುತ್ತಿಲ್ಲ ಎಂಬುದು. ಹಾಗೆಂದರೇನು, ಯಾಕೆ ಮಂದವಾಗುತ್ತದೆ, ಎಲ್ಲರೂ ಒಟ್ಟಿಗೇ ಯಾಕೆ ಕೈ ಬಿಗಿಹಿಡಿಯುತ್ತಾರೆ ಎಂದು ನನಗೂ ಕುತೂಹಲ. ಅಪ್ಪಯ್ಯ ಮಾತ್ರ ತಾವೇ ಒಂದು ಉತ್ತರ ಕಂಡುಕೊಂಡರು.

"ಮಳಿಗಾಲ ಮಗಾ ಇದ್. ದೋಣಿ ಮೇಲೆ ಹಾಕಿ ಮುಚ್ಚಿ ಕೂಕಣ್ಕ್. ಹುಣ್ಣಿಮಿ ಬರ್ಲಿ, ಏಳತ್ತ್ ಕಾಣ್."

ಮೀನುಗಾರಿಕೆಗೆ ರಜೆ ಬಿದ್ದಾಗ ನಮ್ಮವರಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಬಲೆ ಹೆಣೆಯುತ್ತ ಕಾಯುತ್ತಾರೆ, ಕಡಲು ಮತ್ತೆ ತೆರೆಯುತ್ತದೆ. ಷೇರು ಪೇಟೆಯೂ ಹಾಗೇ ಎಂದು ಅವರು ಗಟ್ಟಿಯಾಗಿ ನಂಬಿಬಿಟ್ಟರು. ನಾನು ಫೋನಿನಲ್ಲಿ ದರ ನೋಡಹೊರಟರೆ ಬೈಗುಳ: "ಮುಚ್ಚಿಟ್ಟ ದೋಣಿನ ದಿನಾ ತೆಗ್ದ್ ಕಾಂತ್ರಾ?" ಆ ಪೇಟೆಯ ಹುಣ್ಣಿಮೆ ಯಾವ ಪಂಚಾಂಗದಲ್ಲಿದೆ ಎಂದು ಕೇಳುವ ಮನಸ್ಸಾಗಿತ್ತು. ಆದರೆ ಅವರ ಮುಖದ ನೆಮ್ಮದಿ ಕೆಡಿಸಲು ನನಗೆ ಇಷ್ಟವಾಗಲಿಲ್ಲ.

ಅಷ್ಟರಲ್ಲಿ ನನಗೇ ಒಂದು ಕಂಪ್ಯೂಟರ್ ಬೇಕಾಯಿತು. ರವಿಕೆಗೆ ಕಸೂತಿ ಹಾಕುವ ಹೊಸ ಯಂತ್ರ ತಂದಿದ್ದೆ, ಅದಕ್ಕೆ ಚಿತ್ತಾರ ತುಂಬಿಸಬೇಕಲ್ಲ. ಅಪ್ಪಯ್ಯನನ್ನೂ ಕರೆದುಕೊಂಡು ಅದೇ ಅಂಗಡಿಗೆ ಹೋದೆ. ಮೇಜಿನ ಮೇಲೆ ಎರಡು ಇಟ್ಟರು. ಒಂದು 'ನಮ್ಮದು', ಇನ್ನೊಂದು ಹೊರದೇಶದ್ದು, ಬೆಲೆ ಸುಮಾರು ಅರ್ಧ.

"ಈಗ ಎಲ್ರೂ ಇದನ್ನೇ ಕೇಂತ್ರ್, ಯಜಮಾನ್ರೆ," ಎಂದರು ಅಂಗಡಿಯವರು ಸಂಕೋಚದಿಂದ.

ನಾನು ಮರ್ಯಾದೆಗೆ ನಮ್ಮದರ ಪೆಟ್ಟಿಗೆಯತ್ತ ಕೈ ಚಾಚಿದೆ. ಅಪ್ಪಯ್ಯ ತಡೆದರು.

"ನಿನ್ ಕೆಲ್ಸ ಇದ್ರಲ್ಲೂ ಆತ್ತಲ್ದಾ? ನಂಗ್ ಪಾಲಿತ್ತ್ ಅಂದ್ಹೇಳಿ ನೀ ಎಂತಕ್ಕೆ ಹೆಚ್ಚ್ ಕೊಡುದ್?"

ನನಗೆ ಸಿಟ್ಟು ಬಂತು. "ಪಾಲಿದ್ದರ್ ಮನೇರೇ ತಕಣ್ದಿದ್ರೆ ಇನ್ ಯಾರ್ ತಕಂತ್ರ್ ಅಪ್ಪಯ್ಯ?" ಎಂದೆ.

"ಲಾರಿ ಮೀನ್ ತಿಂಬರೆಲ್ಲ ನಮ್ ವೈರಿಗಳಾ?" ಎಂದು ಅಗ್ಗದ್ದನ್ನು ತಾವೇ ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು.

ಹುಣ್ಣಿಮೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೇ ತೆಕ್ಕಟ್ಟೆಗೆ ಬಂದರು. ಒಗೆದ ಬಿಳಿ ಪಂಚೆ, ಹಣೆಗೆ ಗಂಧ. ಪಾಲುದಾರರು ದಡದಲ್ಲಿ ಉತ್ತರಕ್ಕೆ ಕಾಯುತ್ತಿದ್ದರು. "ಈಗ ತೆಗಿ," ಎಂದರು ಅಪ್ಪಯ್ಯ. ಫೋನಿನ ಸಣ್ಣ ಅಕ್ಷರ ಅವರಿಗೆ ಕಾಣದು, ಹಾಗಾಗಿ ಹೊಸ ಕಂಪ್ಯೂಟರಿನಲ್ಲೇ ತೆರೆದೆ. ದರ ಏಳುವುದಿರಲಿ, ಇನ್ನಷ್ಟು ಇಳಿದು ಕೆಂಪಗೆ ನಿಂತಿತ್ತು. ಅಪ್ಪಯ್ಯ ಕನ್ನಡಕ ಹಾಕಿ, ಬಗ್ಗಿ, ಬೆರಳಿಟ್ಟು ಓದಿದರು.

"ನಮ್ದ್ ಬಿದ್ದದ್ನ ಎಷ್ಟ್ ಚಂದ ತೋರ್ಸತ್ತ್ ಕಾಣ್ ಇದ್," ಎಂದರು.

ನನಗೆ ನಗಬೇಕೆಂದರೂ ಆಗಲಿಲ್ಲ. ಅವರು ನನ್ನ ಫೋನು ಇಸಿದುಕೊಂಡು ದಡಕ್ಕೆ ಕರೆ ಮಾಡಿದರು. "ಹ್ವಾಯ್, ಈ ಸಲ ನಾ ಇಲ್ಲ. ನೀವ್ ದೋಣಿ ಇಳ್ಸಿ." ಆಚೆಯವರು ಏನೋ ಹೇಳುತ್ತಿದ್ದರು. ಇವರು "ಅಡ್ಡಿಲ್ಲ, ಅಡ್ಡಿಲ್ಲ" ಎನ್ನುತ್ತ ಫೋನಿಟ್ಟರು.

ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಆ ಕಂಪ್ಯೂಟರಿನ ಬೆನ್ನು, ಅಂಚು ಎಲ್ಲ ಸವರಿ ನೋಡಿದರು, ದೋಣಿಯ ಹಲಗೆ ಸವರುತ್ತಿದ್ದ ಹಾಗೆ.

"ಇದನ್ ಮಾಡ್ದ ಕಂಪ್ನಿಯಲ್ಲೂ ನಮ್ಮಾಂಗೆ ಪಾಲಿದ್ದರ್ ಇರ್ತ್ರಲ್ದಾ ಮಗಾ?"

"ಇರ್ತ್ರ್ ಅಪ್ಪಯ್ಯ."

"ಹಂಗಾರೆ ಅವ್ರಿಗ್ ಈ ಸಲ ದೋಣಿ ಆಯ್ತ್ ಕಾಣತ್ತ್," ಎಂದರು.