ಭಾವನ ಕ್ಯಾಮೆರಾ ಮತ್ತು ನನ್ನ ಊದಿದ ಮೂತಿ

ನಾನು ಚಿಕ್ಕವಳಿದ್ದಾಗ ಮೂತಿ ಊದಿಸಿಕೊಳ್ಳುವುದರಲ್ಲಿ ನಮ್ಮ ಬೀದಿಗೇ ಮೊದಲಿಗಳು. ನಗಬೇಡಿ, ಇದಕ್ಕೆ ಸಾಕ್ಷಿಯೂ ಇದೆ. ನನ್ನ ಟ್ರಂಕಿನಲ್ಲಿರುವ ಆ ಹಳೇ ಫೋಟೋ ತೆಗೆದು, “ಅಜ್ಜೀ, ಯಾರಿದು ಈ ಸಿಡುಕಿ?” ಎಂದು ಕೇಳುತ್ತೀರಲ್ಲ, ಅದರ ಕಥೆಯನ್ನು ಇವತ್ತು ಹೇಳಿಬಿಡುತ್ತೇನೆ. ಕೇಳುವಾಗ ಮಧ್ಯೆ ಎದ್ದು ಓಡಿದರೆ ಮಾತ್ರ ನನಗೆ ಕೆಟ್ಟ ಕೋಪ ಬರುತ್ತದೆ.

ಆಗ ನನಗೆ ಎಂಟು ವರ್ಷ. ದೂರದ ದೇಶಗಳಲ್ಲಿ ಮಹಾಯುದ್ಧ ನಡೆಯುತ್ತಿತ್ತು. ನಮ್ಮ ಮನೆ ಬೆಂಗಳೂರಿನ ಹತ್ತಿರದ ವಿಜಯಪುರದಲ್ಲಿ, ಮನೆ ತುಂಬ ರೇಷ್ಮೆ. ಅಂಗಳದ ಒಲೆಯ ಮೇಲೆ ಗೂಡು ಬೇಯುತ್ತಿದ್ದರೆ ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದೇ ಮನೆಯ ವಾಸನೆ. ಅಪ್ಪ ನೂಲು ಬಿಚ್ಚುವ ಚರಕಗಳನ್ನು ರಿಪೇರಿ ಮಾಡುತ್ತಿದ್ದರು. ಅಕ್ಕ ಬಿಸಿನೀರಿಗೆ ಬೆರಳದ್ದಿ ಗೂಡಿನಿಂದ ಎಳೆ ಹುಡುಕಿ ತೆಗೆಯುತ್ತಿದ್ದಳು. ನಮ್ಮ ಕಣ್ಣಿಗೆ ಕಾಣದ ಎಳೆಯೂ ಅವಳ ಬೆರಳಿಗೆ ಸಿಕ್ಕಿಬಿಡುತ್ತಿತ್ತು.

ಅಕ್ಕನ ಗಂಡ, ಅಂದರೆ ನಮ್ಮ ಭಾವ, ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಯುತ್ತಿದ್ದವರು. ಸೈನ್ಯಕ್ಕೆ ಸೇರಿ ಹೊರಟಾಗ ಅಕ್ಕ ತುಂಬು ಬಸುರಿ. ತಮ್ಮ ಕ್ಯಾಮೆರಾವನ್ನೂ ಎರಡು ಸುರುಳಿ ಫಿಲಮ್ಮನ್ನೂ ಅಪ್ಪನ ಕೈಗಿಟ್ಟು, ಬಳಸುವುದನ್ನು ಕಲಿಸಿ, “ಮಗು ಹುಟ್ಟಿದ್ಮೇಲೆ ಒಂದ್ ಫೋಟೋ ಕಳಿಸಿ ಮಾವ. ಅಷ್ಟು ಸಾಕು ನಂಗೆ” ಅಂದಿದ್ದರು.

ಆ ಕ್ಯಾಮೆರಾ ಸೇರಿನ ಡಬ್ಬದಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಮುಂದೆ ಒಂದೇ ಕಣ್ಣು, ಒಳಗೆ ಓರೆಯಾಗಿ ನಿಂತ ಕನ್ನಡಿ, ಅದರ ಮೇಲೆ ಒಂದು ಮಸುಕು ಗಾಜು. ಮೇಲಿನ ಚರ್ಮದ ಮುಚ್ಚಳ ಎತ್ತಿ ಇಣುಕಿದರೆ ಎದುರಿನ ಬೀದಿ, ಕೋಳಿ, ಬೇವಿನ ಮರ ಎಲ್ಲವೂ ಆ ಗಾಜಿನ ಮೇಲೆ ಪುಟ್ಟದಾಗಿ ಕಾಣುತ್ತಿದ್ದವು. ಪಕ್ಕದ ತಿರುಪು ತಿರುಗಿಸುತ್ತ ಹೋದರೆ ಮಬ್ಬಾಗಿದ್ದದ್ದು ಚೊಕ್ಕವಾಗುತ್ತಿತ್ತು. ಗುಂಡಿ ಒತ್ತಿದಾಗ ಕನ್ನಡಿ ಟಪ್ಪೆಂದು ಮೇಲೆದ್ದು, ಬೆಳಕು ನೇರವಾಗಿ ಹಿಂದಿನ ಫಿಲಮ್ಮಿನ ಮೇಲೆ ಬೀಳುತ್ತಿತ್ತು.

ಆ ವರ್ಷ ಆಯುಧಪೂಜೆಗೆ ಅಪ್ಪ ಚರಕ, ಸುತ್ತಿಗೆ, ಇಕ್ಕಳಗಳ ಸಾಲಿನಲ್ಲಿ ಕ್ಯಾಮೆರಾವನ್ನೂ ಇಡಲು ಹೇಳಿದರು. ಒರೆಸುವ ಕೆಲಸ ನನ್ನದು. “ಮೇಲ್ ಮೇಲೆ ಒರ್ಸಮ್ಮಣ್ಣಿ, ಒಳಗಡೆ ಕೈ ಹಾಕ್ಬೇಡ” ಎಂದಿದ್ದರು. ಬೇಡ ಅಂದದ್ದನ್ನು ಬಿಡುವ ಜಾತಿಯೇ ನಾನು? ಮುಚ್ಚಳ ಎತ್ತಿದೆ, ಒಂದು ತಗಡಿನ ಚೌಕಟ್ಟು ಸರಿಸಿದೆ, ಗಾಜು ಕೈಗೇ ಬಂತು. ಒಂದು ಮುಖ ನುಣುಪು, ಇನ್ನೊಂದು ಮುಖ ತರಿತರಿ. ಕೊಳೆ ಕೂತಿದೆ ಅಂದುಕೊಂಡು ಸೀಗೆಪುಡಿ ಹಾಕಿ ತಿಕ್ಕಿದೆ, ಹೋಗಲಿಲ್ಲ. ತಿರುಗಿ ಕೂರಿಸುವಾಗ ಯಾವ ಮುಖ ಕೆಳಗಿತ್ತೆಂಬುದು ಮರೆತೇಹೋಗಿತ್ತು. ಹೊಳೆಯುವ ಕನ್ನಡಿಗೆ ಹೊಳೆಯುವ ಮುಖವೇ ಎದುರಾಗಬೇಕು ಎಂದು ನನ್ನ ಬುದ್ಧಿ ಹೇಳಿತು. ಹಾಗೇ ಇಟ್ಟೆ. ಅಮ್ಮ ಬಂದು ಕ್ಯಾಮೆರಾಗೆ ಕುಂಕುಮವಿಟ್ಟು ಚೆಂಡುಹೂವು ಮುಡಿಸಿದಳು. ನೋಡಲು ಬಲು ಚೆನ್ನಾಗಿತ್ತು.

ಅಕ್ಕನ ಗಂಡುಮಗುವಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಭಾವನ ಕಾಗದ ಬಂತು. ಅವರಿದ್ದ ಊರಿನ ಹೆಸರಿನ ಮೇಲೆ ಯಾರೋ ಕಪ್ಪು ಮಸಿ ಬಳಿದಿದ್ದರು. ಉಳಿದ ಸಾಲುಗಳನ್ನು ಅಪ್ಪ ಗಟ್ಟಿಯಾಗಿ ಓದಿದರು: ತಿಂಗಳು ಕಳೆದರೆ ಅವರ ತುಕಡಿಯನ್ನು ಇನ್ನೂ ಮುಂದಕ್ಕೆ ಕಳಿಸುತ್ತಾರಂತೆ, ಅಲ್ಲಿಗೆ ಟಪಾಲು ಸಿಗುತ್ತದೋ ಇಲ್ಲವೋ, ಅಷ್ಟರೊಳಗೆ ಮಗುವಿನ ಮುಖ ಒಮ್ಮೆ ನೋಡಬೇಕಂತೆ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಮರುದಿನ ಬೆಳಗಿನ ಬಿಸಿಲಿನಲ್ಲಿ ಅಂಗಳಕ್ಕೆ ಮಣೆ ಬಂತು. ಅಕ್ಕ ಜರಿಯಂಚಿನ ಸೀರೆ ಉಟ್ಟು, ಮಗುವಿನ ಗಲ್ಲಕ್ಕೆ ದೃಷ್ಟಿಬೊಟ್ಟಿಟ್ಟು ಕೂತಳು. ನಾನೂ ಹೊಸ ಲಂಗ ಹಾಕಿಕೊಂಡು ಓಡಿಬಂದೆ. “ನೀನ್ ಅತ್ಲಾಗೆ ಸರೀ, ಫಿಲಮ್ಮು ಸುಮ್ನೆ ಸಿಗಲ್ಲ” ಎಂದರು ಅಪ್ಪ. ಎಂಥ ಅವಮಾನ! ಅಕ್ಕನ ಹಿಂದೆ ಎರಡು ಮೊಳ ದೂರದಲ್ಲಿದ್ದ ಬಾಗಿಲಿಗೆ ಒರಗಿ, ಕೆನ್ನೆ ಎರಡನ್ನೂ ಬೋಂಡಾ ಮಾಡಿಕೊಂಡು ನಿಂತೆ. ಅಪ್ಪ ತಲೆ ತಗ್ಗಿಸಿ, ತಿರುಪು ತಿರುಗಿಸಿ, ಉಸಿರು ಬಿಗಿಹಿಡಿದು ಇಡೀ ಸುರುಳಿ ಮುಗಿಸಿದರು.

ಆಗ ಪೆಟ್ರೋಲು ಸಿಗುತ್ತಿರಲಿಲ್ಲ. ಹಿಂದೆ ಇದ್ದಿಲ ಒಲೆ ಕಟ್ಟಿಕೊಂಡ ಬಸ್ಸಿನಲ್ಲಿ ಅಪ್ಪ ಕೆಮ್ಮುತ್ತ ಬೆಂಗಳೂರಿಗೆ ಹೋಗಿ, ಭಾವ ಕೆಲಸ ಮಾಡುತ್ತಿದ್ದ ಸ್ಟುಡಿಯೋದಲ್ಲಿ ಫೋಟೋ ತೊಳೆಸಿ ತಂದರು. ಅಕ್ಕ ಕೈ ಒರೆಸಿಕೊಂಡು ಓಡಿಬಂದಳು. ಒಂದೊಂದೇ ನೋಡುತ್ತ ಅವಳ ಮುಖ ಬಾಡಿಹೋಯಿತು. ಮಗು ಇದ್ದ ಕಡೆ ಬರೀ ಮಂಜು. ಅಕ್ಕನ ಮುಖವೂ ಹಿಟ್ಟು ಕಲಸಿದ ಹಾಗೆ. ಹಿಂದಿನ ಬಾಗಿಲ ಮೊಳೆಗಳು ಮಾತ್ರ ಎಣಿಸುವಷ್ಟು ಚೊಕ್ಕ. ಒಂದು ಫೋಟೋದಲ್ಲಂತೂ ಬಾಗಿಲ ಪಕ್ಕದಲ್ಲಿ ನಾನು, ಕೆನ್ನೆ ಊದಿಸಿಕೊಂಡು, ರೆಪ್ಪೆಯ ಕೂದಲು ಸಮೇತ!

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಅಕ್ಕ ಮಾತ್ರ ಬಿಕ್ಕಿ ಬಿಕ್ಕಿ ಅತ್ತಳು. “ಅವ್ರು ಅಲ್ಲಿ ಬಾಗ್ಲು ಮೊಳೆ ನೋಡ್ಕೊಂಡು ಮಗು ಮುಖ ಗೊತ್ಮಾಡ್ಕೋಬೇಕಾ ಅಪ್ಪಾ?”

ಇನ್ನು ಉಳಿದಿದ್ದದ್ದು ಒಂದೇ ಸುರುಳಿ. ಅದೂ ಹಾಳಾದರೆ ಬೇರೆ ಸಿಗುವ ಮಾತೇ ಇರಲಿಲ್ಲ. ಅಪ್ಪ ಫಿಲಮ್ಮು ಹಾಕದೆ ಕ್ಯಾಮೆರಾವನ್ನು ಜಗಲಿಯ ಮೇಲಿಟ್ಟು ಪರೀಕ್ಷೆಗೆ ಕೂತರು. ಬಿಸಿಲಿನಲ್ಲಿ ಒಂದು ರೇಷ್ಮೆ ಲಡಿ ನೇತುಹಾಕಿ, ಮೇಲಿನ ಗಾಜಿನಲ್ಲಿ ಎಳೆ ಎಳೆಯೂ ಕಾಣುವಂತೆ ತಿರುಪು ತಿರುಗಿಸಿದರು. ಆಮೇಲೆ ಕ್ಯಾಮೆರಾದ ಹಿಂಬದಿಯ ಮುಚ್ಚಳ ತೆಗೆದು, ಫಿಲಮ್ಮು ಕೂರುವ ಜಾಗಕ್ಕೆ ಎಣ್ಣೆ ಸವರಿದ ತೆಳು ಕಾಗದ ಅಂಟಿಸಿ, ಕನ್ನಡಿ ಮೇಲೆತ್ತಿ, ತಲೆಯ ಮೇಲೆ ಕಂಬಳಿ ಹೊದ್ದು ನೋಡಿದರು. ನನ್ನನ್ನೂ ಕಂಬಳಿಯೊಳಗೆ ಸೇರಿಸಿಕೊಂಡರು. ಕಾಗದದ ಮೇಲೆ ಲಡಿ ತಲೆಕೆಳಗಾಗಿ ನೇತಾಡುತ್ತಿತ್ತು, ಆದರೆ ಎಳೆಗಳೆಲ್ಲ ಕಲೆಸಿಹೋಗಿ ಹತ್ತಿಯ ಹಾಗೆ.

“ಮೇಲೆ ಕಾಣೋದೇ ಒಂದು, ಹಿಂದೆ ಬೀಳೋದೇ ಒಂದು” ಎಂದು ಅಪ್ಪ ಕಂಬಳಿ ಕಿತ್ತೆಸೆದರು. “ಕನ್ನಡಿ ಕೂರೋ ಗೂಟ ಎತ್ತರ ಆಗೈತೆ ಅಂತ ಕಾಣುತ್ತೆ. ಅರ ಹಾಕಿ ಉಜ್ಜಿಬಿಡ್ತೀನಿ.”

“ಜಾಸ್ತಿ ಉಜ್ಜಿಬಿಟ್ರೆ?” ಎಂದಳು ಅಕ್ಕ.

“ಉಜ್ಜಿದ್ದು ವಾಪಸ್ ಬರಲ್ಲ ಕಣಮ್ಮ. ಇನ್ನೇನ್ ಮಾಡ್ಲಿ?”

ಅರ ಹಿತ್ತಾಳೆಯ ಗೂಟದ ಹತ್ತಿರ ಹೋಯಿತು. ನನಗೆ ಆಯುಧಪೂಜೆಯ ದಿನ ಕೈಗೆ ಬಂದ ಗಾಜು ಆಗಲೇ ನೆನಪಾಗಿತ್ತು. ಹೇಳಿದರೆ ಬೆನ್ನಿಗೆ ಬೀಳುತ್ತದೆ, ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಅಕ್ಕ ಮಗುವಿನ ಗಲ್ಲದ ಬೊಟ್ಟನ್ನು ಒರೆಸಿ ಮತ್ತೆ ಹೊಸದಾಗಿ ಇಡುತ್ತಿದ್ದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ಅಪ್ಪಾ, ಉಜ್ಬೇಡಿ! ಗಾಜು ನಾನು ತೆಗ್ದಿದ್ದೆ. ತೊಳ್ದು ಹಾಕ್ದೆ. ಯಾವ ಮಗ್ಗುಲು ಹೆಂಗಿತ್ತೋ ಗೊತ್ತಿಲ್ಲ” ಎಂದು ಒಂದೇ ಉಸಿರಿಗೆ ಹೇಳಿ ಕಣ್ಣು ಮುಚ್ಚಿಕೊಂಡೆ.

ಏಟು ಬೀಳಲಿಲ್ಲ. ಕಣ್ಣು ಬಿಟ್ಟಾಗ ಅಪ್ಪ ಅರವನ್ನು ಕೆಳಗಿಟ್ಟಿದ್ದರು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅದಕ್ಕಿಂತ ನಾಲ್ಕು ಬಿಟ್ಟಿದ್ದರೆ ಚೆನ್ನಾಗಿತ್ತು. ಆಮೇಲೆ ಅವಳು ಮಗುವನ್ನು ನನ್ನ ತೊಡೆಗೆ ಹಾಕಿ, ಬಿಸಿನೀರಿನಲ್ಲಿ ಬೆಳ್ಳಗೆ ಮೆತ್ತಗಾದ ತನ್ನ ಬೆರಳನ್ನು ಗಾಜಿನ ಮೇಲೆ ಮೆಲ್ಲಗೆ ಆಡಿಸಿದಳು. “ಅಪ್ಪಾ, ತರಿ ಮೇಲ್ಗಡೆ ಐತೆ” ಎಂದಳು.

ಅಪ್ಪ ಹಣೆ ಚಚ್ಚಿಕೊಂಡರು. “ಅಯ್ಯೋ ನನ್ನ ಬುದ್ಧಿಗಿಷ್ಟು! ಚಿತ್ರ ನಿಲ್ಲೋದೇ ಆ ತರಿ ಮೇಲೆ. ಗಾಜಿನ ದಪ್ಪದಷ್ಟು ಅದು ದೂರ ಹೋಗ್ಬಿಟ್ಟೈತೆ. ಅದಕ್ಕೇ ಲೆಕ್ಕ ತಪ್ಪಿದ್ದು.” ಒಂದು ಕಾಳಿನಷ್ಟೂ ಇರದ ದಪ್ಪಕ್ಕೆ ಇಷ್ಟೆಲ್ಲ ರಂಪ. ಗಾಜು ಮಗುಚಿ, ತರಿಯನ್ನು ಕನ್ನಡಿಯ ಕಡೆಗೆ ಕೂರಿಸಿ, ಮತ್ತೆ ಕಂಬಳಿ ಹೊದ್ದೆವು. ಮೇಲೆ ಎಳೆ ಎಳೆ. ಹಿಂದಿನ ಎಣ್ಣೆಕಾಗದದ ಮೇಲೂ ಎಳೆ ಎಳೆ! ನಾನು ಕಂಬಳಿಯೊಳಗೇ ಕಿರುಚಿಬಿಟ್ಟೆ, ಮಗು ಬೆಚ್ಚಿ ಅತ್ತಿತು.

ಎರಡನೆಯ ಸುರುಳಿಯಲ್ಲಿ ಮಗುವಿನ ದೃಷ್ಟಿಬೊಟ್ಟು, ಮುಷ್ಟಿ, ಹಲ್ಲಿಲ್ಲದ ನಗು ಎಲ್ಲ ಬಂದವು. ಈ ಸಲ ನಾನು ಅಪ್ಪನ ಹಿಂದೆ ನಿಂತು ಮಗುವಿಗೆ ಗಿಲಕಿ ಆಡಿಸುತ್ತಿದ್ದೆ. ನನ್ನದೂ ಒಂದು ತೆಗೆಯಿರಿ ಎಂದು ಕೇಳಲು ಬಾಯಿ ಬರಲಿಲ್ಲ. ಫೋಟೋ ಟಪಾಲಿಗೆ ಹೋಯಿತು. ದಿನಗಟ್ಟಲೆ ಕಾದ ಮೇಲೆ ಭಾವನ ಉತ್ತರ ಬಂತು, ಒಂದೇ ಸಾಲು: “ಮೂಗು ನನ್ನದೇ, ನೋಡಿದೆ.” ಅಕ್ಕ ಅದನ್ನು ಎಷ್ಟು ಸಲ ಓದಿಸಿಕೊಂಡಳೋ ಲೆಕ್ಕವಿಲ್ಲ. ಯುದ್ಧ ಮುಗಿದು ಭಾವ ಮನೆಗೆ ಬಂದಾಗ ಅವರ ಜೇಬಿನಲ್ಲಿ ಆ ಫೋಟೋ ಬೆವರಿಗೆ ಮೆತ್ತಗಾಗಿತ್ತು. ಮಗ ಮಾತ್ರ ಗುರುತು ಸಿಗದೆ ಅಕ್ಕನ ಸೆರಗಿನ ಹಿಂದೆ ಅವಿತುಕೊಂಡ.

ಈಗ ನಿಮ್ಮ ಫೋನುಗಳು ತಾವೇ ಮುಖ ಹುಡುಕಿ ಚೌಕ ಹಾಕುತ್ತವೆ. ಬೆಳಗ್ಗೆ ತಿಂದ ದೋಸೆಗೂ ಹತ್ತು ಫೋಟೋ ತೆಗೆಯುತ್ತೀರಿ. ದೂರದಲ್ಲಿರುವ ನಿಮ್ಮ ಚಿಕ್ಕಪ್ಪ ಕರೆದ ಕೂಡಲೇ ಪರದೆಯ ಮೇಲೆ ಬಂದು ನಗುತ್ತಾನೆ. ನನಗೇನೂ ಹೊಟ್ಟೆಕಿಚ್ಚಿಲ್ಲ, ಸಂತೋಷವೇ. ಭಾವನಿಗೂ ಅಂಥದ್ದೊಂದು ಸಿಕ್ಕಿದ್ದರೆ ಅಕ್ಕ ಅಷ್ಟು ಅಳುತ್ತಿರಲಿಲ್ಲ.

ಆದರೆ ನನ್ನ ಬಾಲ್ಯದ್ದು ಎಂದು ಈ ಲೋಕದಲ್ಲಿ ಇರುವುದು ಈ ಒಂದೇ ಫೋಟೋ, ಅದೂ ನನ್ನ ತಪ್ಪಿನಿಂದಲೇ ಸಿಕ್ಕಿದ್ದು. ಹಾಳಾದ ಉಳಿದವನ್ನೆಲ್ಲ ಬಿಸಾಡಿದ ಅಪ್ಪ ಇದನ್ನು ಮಾತ್ರ ಇಟ್ಟುಕೊಂಡಿದ್ದರು. ಅವರು ಹೋದ ಮೇಲೆ ಅವರ ಪೆಟ್ಟಿಗೆಯಲ್ಲಿ ನನಗೆ ಸಿಕ್ಕಿತು. ನೀವು ಯಾವಾಗಲೂ ಮುಂಭಾಗ ನೋಡಿ ನಗುತ್ತೀರಿ. ಈಗ ಹಿಂದೆ ತಿರುಗಿಸಿ, ಸೀಸದಕಡ್ಡಿಯಲ್ಲಿ ಅಪ್ಪ ಬರೆದದ್ದನ್ನು ಓದಿ:

“ಗಾಜು ತಪ್ಪಾಗಿತ್ತು. ನನ್ನ ಮಗಳು ಸರಿಯಾಗಿದ್ದಾಳೆ.”